ಯಾರೂ ಪಕ್ಕ ಕೂರದ ಬೆಂಚು

ಬೇಸ್‌ಬಾಲ್ ನೋಡುವುದಕ್ಕೂ ತಟ್ಟೆಯಲ್ಲಿಟ್ಟ ಬೆಣ್ಣೆ ಕರಗುವುದನ್ನು ನೋಡುವುದಕ್ಕೂ ನನಗೆ ಇವತ್ತಿನವರೆಗೆ ವ್ಯತ್ಯಾಸ ಕಂಡಿಲ್ಲ. ಬೆಣ್ಣೆಯಾದರೆ ಕೊನೆಗೆ ಬ್ರೆಡ್ಡಿಗಾದರೂ ಆಗುತ್ತದೆ. ಈ ಮಾತನ್ನು ನಾನು ಮಿಲ್ವಾಕಿಯಲ್ಲಿ, ಅದೂ ನನ್ನ ಭಾವ ನಾರ್ಬರ್ಟನ ಮನೆಯಲ್ಲೇ ನಿಂತು ಹೇಳುತ್ತೇನೆ. ಹೇಳಿದಾಗಲೆಲ್ಲ ಅವನು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡು ರೇಡಿಯೋದ ದನಿ ಏರಿಸುತ್ತಾನೆ.

ನನ್ನ ಆಟ ಬಾಸ್ಕೆಟ್‌ಬಾಲ್. ಹಗಲೆಲ್ಲ ಶಾಲೆಯ ಅಡುಗೆಮನೆಯಲ್ಲಿ ದುಡಿದು, ಸಂಜೆ ಅದೇ ಶಾಲೆಯ ಅಂಕಣದಲ್ಲಿ ಪಂದ್ಯದ ಗಡಿಯಾರ ನಡೆಸಿದವಳು ನಾನು. ಶಿಳ್ಳೆ ಬಿದ್ದರೆ ಗುಂಡಿ ಒತ್ತಿ ನಿಲ್ಲಿಸಬೇಕು, ಚೆಂಡು ಕೈ ಮುಟ್ಟಿದ ಕೂಡಲೇ ಬಿಡಬೇಕು. ಎಷ್ಟೋ ವರ್ಷ ಹಾಗೆ ಕೂತಿದ್ದರಿಂದ ಏನೋ, ಕಾಲ ಸುಮ್ಮನೆ ಹರಿದುಹೋಗುವುದನ್ನು ಕಂಡರೆ ನನ್ನ ಹೆಬ್ಬೆರಳು ಈಗಲೂ ತುರಿಸುತ್ತದೆ. ನಮ್ಮ ಮಾರ್ಡೆಲ್‌ಳ ಕಾಲಿಗೆ ಚಕ್ರ ಕಟ್ಟಿದ್ದಾರೆ ಎಂದು ಅಮ್ಮ ನನ್ನ ಬಗ್ಗೆ ಹೇಳುತ್ತಿದ್ದಳು. ಅಮ್ಮನ ಮಾತು ಸುಳ್ಳಲ್ಲ.

ವಸಂತ ಬಂದರೆ ಆ ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಕತೆ. ಬೇಸ್‌ಬಾಲ್ ಆಗಷ್ಟೇ ಶುರುವಾಗಿರುತ್ತದೆ, ಬಾಸ್ಕೆಟ್‌ಬಾಲ್ ಕೊನೆಯ ಹಂತದ ಕಾದಾಟಕ್ಕೆ ಬಂದಿರುತ್ತದೆ. ಟಿವಿ ಇರುವುದು ಒಂದೇ. ಹಾಗಾಗಿ ನಾನು ಶನಿವಾರಗಳಂದು ಅಲ್ಲಿಗೆ ಹೋದಾಗ ಒಪ್ಪಂದ ಇಷ್ಟು: ಮುಂದಿನ ಕೋಣೆಯ ಟಿವಿ ನನ್ನದು, ಹಿಂದಿನ ಜಗುಲಿಯ ರೇಡಿಯೋ ಅವನದು. ನಡುವಿನ ಅಡುಗೆಮನೆ ಯಾರಿಗೂ ಸೇರಿದ್ದಲ್ಲ, ಜಗಳವೆಲ್ಲ ಅಲ್ಲೇ.

ಆ ಶನಿವಾರ ಮಧ್ಯಾಹ್ನವೂ ಅಲ್ಲೇ ಶುರುವಾಯಿತು. ನಾರ್ಬ್ ಬಿಯರ್‌ನಲ್ಲಿ ಈರುಳ್ಳಿ ಹಾಕಿ ಸಾಸೇಜ್ ಬೇಯಿಸುತ್ತಿದ್ದ.

"ನಿಮ್ಮ ಪುರ್ನೆಲ್ ಇವತ್ತಾದ್ರೂ ಆಡ್ತಾನೋ, ಇಲ್ಲ ಸೂಟು ಹಾಕ್ಕೊಂಡು ಮದುವೆಗೆ ಬಂದೋನ ಹಾಗೆ ಕೂತಿರ್ತಾನೋ?" ಎಂದ, ನಮ್ಮ ಬಾಸ್ಕೆಟ್‌ಬಾಲ್ ತಂಡದ ಹೆಸರಾಂತ ಆಟಗಾರನ ಬಗ್ಗೆ. "ಮೈಯಲ್ಲಿ ಒಂದು ನೋವಿಲ್ಲ, ವಿಶ್ರಾಂತಿಯಂತೆ! ನಾನು ಚಳಿಗಾಲದಲ್ಲಿ ಈ ಊರಿನ ಹಿಮ ತಳ್ಳೋ ಲಾರಿ ಓಡಿಸ್ದೋನು. ನಾನೂ ವಿಶ್ರಾಂತಿ ತಗೊಂಡಿದ್ರೆ ನೀವೆಲ್ಲ ಮಾರ್ಚ್‌ವರೆಗೆ ಮನೇಲೇ ಬಿದ್ದಿರ್ಬೇಕಿತ್ತು."

"ಚೆಂಡೆಸೆಯೋ ನಿಮ್ಮ ಪಿಚರ್ ಐದು ದಿನಕ್ಕೊಂದ್ಸಲ ಕೆಲಸಕ್ಕೆ ಬರ್ತಾನಲ್ಲ, ಅದನ್ನ ಏನಂತಾರೆ? ತೊಂಬತ್ತು ಎಸೆತ ಆಯ್ತು ಅಂದ್ರೆ ಸಾಕು, ತೋಳು ಉದುರಿಹೋಗುತ್ತೆ ಅಂತ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತಾರೆ."

"ಅದು ಕಲೆ ಕಣೇ. ನಿಮ್ದೇನು? ಎಲ್ರೂ ದೂರದಿಂದ ಮೂರು ಪಾಯಿಂಟಿಗೆ ಎಸೆಯೋದು, ತಪ್ಪೋದು, ಓಡೋದು. ಕೊನೇ ಎರಡು ನಿಮಿಷ ಮುಗಿಯೋಕೆ ಅರ್ಧ ಗಂಟೆ."

ಈ ಕೊನೆಯ ಮಾತನ್ನು ಗಡಿಯಾರ ನಡೆಸಿದವಳಾಗಿ ಒಪ್ಪಲೇಬೇಕು. ಆದರೆ ಒಪ್ಪಿದೆನೆಂದು ಅವನಿಗೆ ಯಾವತ್ತೂ ತೋರಿಸಿಕೊಂಡಿಲ್ಲ.

"ಆಮೇಲೆ ಆ ಫ್ರೀ ಥ್ರೋ," ಅವನು ಚಿಮಟ ಎತ್ತಿದ. "ಎದುರಿಗೆ ಯಾರೂ ಅಡ್ಡ ಇಲ್ಲ. ನಿಂತ್ಕೊಂಡು ಒಂದು ಚೆಂಡು ಬುಟ್ಟೀಗೆ ಹಾಕೋದು. ಅದೂ ತಪ್ತಾನೆ. ತಪ್ಪಿದ್ಮೇಲೆ ಜೊತೆಯೋರು ನಾಲ್ಕೂ ಜನ ಹೋಗಿ ಅವನ ಕೈ ತಟ್ಟಿ ಬರ್ತಾರೆ! ಮಗಳ ಮದುವೆ ಗೊತ್ತಾಯ್ತೇನೋ ಅನ್ನೋ ಹಾಗೆ. ತಪ್ಪು ಮಾಡ್ದೋನಿಗೆ ಶಹಬ್ಬಾಸ್‌ಗಿರಿ ಕೊಡೋ ಆಟಾನ ನಾನು ಇನ್ನೊಂದು ನೋಡಿಲ್ಲ."

"ಅದು ಶಹಬ್ಬಾಸ್‌ಗಿರಿ ಅಲ್ಲ, ಮಂಕೇ."

"ಮತ್ತೇನು?"

ಏನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಜಗುಲಿಯಿಂದ ಅಕ್ಕ ಕೆಮ್ಮಿದಳು. ನಾರ್ಬ್ ಸರಕ್ಕನೆ ತಿರುಗಿ ಸಾಸೇಜುಗಳನ್ನು ಮಗುಚತೊಡಗಿದ. ಒಂದು ನಿಮಿಷದ ಹಿಂದಷ್ಟೇ ಮಗುಚಿದ್ದ.

ನಮ್ಮಕ್ಕ ಲೊರೇನ್‌ಳ ಎದೆಯಲ್ಲಿ ಒಂದು ಗಂಟು ಕಂಡಿತ್ತು. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಸೋಮವಾರ ಬೆಳಿಗ್ಗೆ ಬನ್ನಿ, ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಯಿಂದ ಹೇಳಿದ್ದರು. ಅಕ್ಕ ನನಗೆ ಫೋನ್ ಮಾಡಿ ಕರೆದಳು. ಮದುವೆಯಾಗಿ ನಲವತ್ತು ವರ್ಷ ಕಳೆದ ಗಂಡ ಮನೆಯಲ್ಲೇ ಇರುವಾಗ ತಂಗಿಯನ್ನು ಕರೆದಳು.

"ನಾರ್ಬ್?" ಎಂದು ಕೇಳಿದ್ದೆ.

"ಅವನಿಗೆ ಬರೋ ಮನಸ್ಸಿಲ್ಲ ಅನ್ಸುತ್ತೆ, ಮಾರ್ಡೆಲ್. ಆ ಡಾಕ್ಟ್ರ ಹತ್ರ ಹೋಗಿ ಬಂದಾಗಿಂದ ಒಂದು ಮಾತಾಡಿಲ್ಲ. ಮಳೆ ಚಳಿ ಮಾತಾಡ್ತಾನೆ, ಆಟದ ಮಾತಾಡ್ತಾನೆ. ಇದನ್ನ ಮಾತ್ರ ಎತ್ತೋದೇ ಇಲ್ಲ. ಮಲಗೋದೂ ಈಚೆ ಸೋಫಾ ಮೇಲೆ." ಆಮೇಲೆ, "ನಾನೇ ಕೇಳ್ಬೋದಿತ್ತು. ಕೇಳಿ, ಅವನು ಬೇಡ ಅಂದ್ರೆ?" ಎಂದಿದ್ದಳು.

ನಾನು ಬರುತ್ತೇನೆ ಎಂದೆ. ಆದರೆ ಅವಳಿಗೆ ಬೇಕಾಗಿದ್ದವಳು ನಾನಲ್ಲ. ಅದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಅಡುಗೆಮನೆಯಲ್ಲಿ ಸಾಸೇಜ್ ಮಗುಚುತ್ತಿದ್ದ. ಅವನು ಹಾಕಿಕೊಂಡಿದ್ದ ನೀಲಿ ಅಂಗಿಯಲ್ಲಿ ಕಾಲರಿನ ಕೊಳೆ ಎದ್ದು ಕಾಣುತ್ತಿತ್ತು. ಹೋದ ವಾರವೂ ಅದೇ ಅಂಗಿ, ಅದರ ಹಿಂದಿನ ವಾರವೂ ಅದೇ. ಇಷ್ಟು ದಿನದಲ್ಲಿ ಮನೆಯ ಮಳೆನೀರಿನ ಕೊಳವೆ ರಿಪೇರಿ ಮಾಡಿದ್ದ, ಜಗುಲಿಯ ಮೆಟ್ಟಿಲು ಬದಲಿಸಿದ್ದ, ಕಾರು ಎರಡು ಸಲ ತೊಳೆದಿದ್ದ. ಮೈಯ ಮೇಲಿನ ಅಂಗಿ ಮಾತ್ರ ನೀರು ಕಂಡಿರಲಿಲ್ಲ.

ತಟ್ಟೆಗಳು ಖಾಲಿಯಾದವು. ನಾನು ಟಿವಿಗೂ ಜಗುಲಿಗೂ ಓಡಾಡುತ್ತಿದ್ದೆ. ಟಿವಿಯಲ್ಲಿ ನಮ್ಮವರು ಹನ್ನೊಂದು ಪಾಯಿಂಟ್ ಹಿಂದೆ, ಕೂತು ನೋಡುವ ಹಾಗಿರಲಿಲ್ಲ. ಜಗುಲಿಯಲ್ಲಿ ಅಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಹೊದಿಕೆಯನ್ನು ಮೊಣಕಾಲ ಮೇಲೆ ಎಳೆದುಕೊಂಡಿದ್ದಳು. ಮೇ ತಿಂಗಳಾದರೂ ಊರಿನಂಚಿನ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಇನ್ನೂ ಚಳಿಯ ಹಲ್ಲಿತ್ತು. ನಾರ್ಬ್ ಅವಳಿಂದ ದೂರ, ಜಗುಲಿಯ ಆ ಕೊನೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಮೊಣಕೈ ತೊಡೆಯ ಮೇಲೂರಿ ಕೂತಿದ್ದ. ಇಬ್ಬರ ನಡುವೆ ಕಿಟಕಿಯ ಹಲಗೆಯ ಮೇಲೆ ರೇಡಿಯೋ.

ಆರನೇ ಇನ್ನಿಂಗ್ಸ್ ಮುಗಿದಾಗ ಜಗುಲಿಯ ಗಾಳಿಯೇ ಬೇರೆಯಾಗಿತ್ತು. ಬಾಗಿಲಲ್ಲಿ ನಿಂತ ಕೂಡಲೇ ನನಗೆ ತಿಳಿಯಿತು. ನಮ್ಮ ಅಪ್ಪನೂ ಬೇಸ್‌ಬಾಲ್ ಹುಚ್ಚನೇ, ಈ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ನಮ್ಮ ಪಿಚರ್ ಟೆಸ್ಕೆ ಎದುರಾಳಿಗಳಲ್ಲಿ ಒಬ್ಬನಿಗೂ ಒಂದು ಹಿಟ್ ಹೊಡೆಯಲು, ಅಂದರೆ ಚೆಂಡನ್ನು ಯಾರ ಕೈಗೂ ಸಿಗದಂತೆ ಹೊಡೆದು ಓಡಲು, ಬಿಟ್ಟಿರಲಿಲ್ಲ. ಒಂಬತ್ತು ಇನ್ನಿಂಗ್ಸೂ ಹೀಗೇ ಮುಗಿಸಿದರೆ ಅವನ ಹೆಸರು ಮೊಮ್ಮಕ್ಕಳ ಕಾಲದವರೆಗೆ ಉಳಿಯುತ್ತದೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಕೆಡುತ್ತದೆ. ಮೈದಾನದ ಪಕ್ಕದ ಬೆಂಚಿನಲ್ಲಿ ಅವನ ಜೊತೆಯವರೇ ಅವನ ಹತ್ತಿರ ಸುಳಿಯುವುದಿಲ್ಲ. ಮಾತಿಲ್ಲ, ಬೆನ್ನು ತಟ್ಟುವುದಿಲ್ಲ, ನೀರು ಬೇಕಾ ಎಂದು ಕೇಳುವುದೂ ಇಲ್ಲ. ಅಷ್ಟುದ್ದದ ಬೆಂಚಿನ ಒಂದು ತುದಿಯಲ್ಲಿ ಅವನೊಬ್ಬನೇ, ಮಿಕ್ಕವರೆಲ್ಲ ಇನ್ನೊಂದು ತುದಿಯಲ್ಲಿ. ಪ್ರೀತಿಗಾಗಿಯೇ ಹೀಗೆ ಮಾಡುವುದಂತೆ. ಮೈಲಿಗೆಯವನನ್ನು ಕೂರಿಸಿದ ಹಾಗೆ ಕೂರಿಸಿ ಪ್ರೀತಿ ಎನ್ನುವುದನ್ನು ನಾನು ಅಪ್ಪನ ಕಾಲದಿಂದಲೂ ಒಪ್ಪಿಲ್ಲ.

ಅಕ್ಕ ಎದ್ದಳು. "ಸ್ವಲ್ಪ ಒಳಗೆ ಹೋಗಿ ಮಲಗ್ತೀನಿ. ಬೆನ್ನು ನೋಯ್ತಿದೆ."

"ಬೇಡ!" ನಾರ್ಬ್ ಕೂಗಿದ. ಆಮೇಲೆ ದನಿ ಇಳಿಸಿ, "ಈಗ ಬೇಡ, ಲೊರೇನ್. ಯಾರೂ ಜಾಗ ಬದಲಾಯ್ಸೋ ಹಾಗಿಲ್ಲ. ಗೊತ್ತಲ್ಲ?" ಎಂದ.

ಅವಳು ಅವನನ್ನೇ ನೋಡಿದಳು. ಬಾ ಎಂದಿದ್ದರೆ ಅವಳು ಅವನ ಪಕ್ಕದ ತಣ್ಣನೆಯ ಸಿಮೆಂಟಿನ ಮೇಲಾದರೂ ಕೂರುತ್ತಿದ್ದಳು. ಅವನು ರೇಡಿಯೋ ಕಡೆ ಕತ್ತು ತಿರುಗಿಸಿಬಿಟ್ಟ. ಅಕ್ಕ ಮತ್ತೆ ಬೆತ್ತದ ಕುರ್ಚಿಯಲ್ಲಿ ಕೂತು, ಹೊದಿಕೆಯಿಂದ ಎಳೆಯೊಂದನ್ನು ಕೀಳತೊಡಗಿದಳು.

ಏಳನೇ ಇನ್ನಿಂಗ್ಸ್‌ನ ನಡುವೆ ಮೈದಾನದಲ್ಲಿ ಎಲ್ಲರೂ ಎದ್ದು ಮೈಮುರಿಯುವ ಪದ್ಧತಿ. ನಾರ್ಬ್ ಜಗುಲಿಯಲ್ಲೂ ಎದ್ದು ನಿಂತ. ಒಬ್ಬನೇ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು, ಎದುರಿನ ಓಣಿಯ ಗ್ಯಾರೇಜುಗಳನ್ನು ನೋಡುತ್ತ ನಿಂತಿದ್ದ. ಮೊದಲಿನಿಂದಲೂ ಓಡಾಡುತ್ತಿದ್ದ ನನಗೆ ಓಡಾಟವೇ ಜಾಗ, ನಾನು ಒಳಗೆ ಹೋದೆ. ನಮ್ಮವರು ಈಗ ಆರು ಪಾಯಿಂಟ್ ಹಿಂದೆ. ಹೊರಗೆ ಬಂದೆ. ಅಕ್ಕ ಕಿತ್ತ ಎಳೆಗಳು ನೆಲದ ಮೇಲೆ ಸಣ್ಣ ಗುಪ್ಪೆಯಾಗಿದ್ದವು. ಮತ್ತೆ ಒಳಗೆ ಹೋದೆ. ಕೂರಲಾಗಲಿಲ್ಲ. ಪುರ್ನೆಲ್ ಬುಟ್ಟಿಗೆ ಹಾಕಿದ ಮೇಲೂ ನನಗೆ ಚಪ್ಪಾಳೆ ತಟ್ಟುವ ಮನಸ್ಸಾಗಲಿಲ್ಲ. ಮನೆಯ ಗಡಿಯಾರವನ್ನು ಯಾರೋ ನಿಲ್ಲಿಸಿ, ಗುಂಡಿಯಿಂದ ಕೈ ತೆಗೆಯುವುದನ್ನೇ ಮರೆತಂತಿತ್ತು.

ಎಂಟನೆಯದು ಶುರುವಾಯಿತು. ಒಬ್ಬ ಔಟಾದ. ಮೈದಾನದ ನಲವತ್ತು ಸಾವಿರ ಜನ ಉಸಿರು ಬಿಗಿಹಿಡಿದದ್ದು ರೇಡಿಯೋದಲ್ಲೇ ಕೇಳಿಸುತ್ತಿತ್ತು. ವಿವರಣೆ ಹೇಳುವವನೂ ಆ ಮಾತನ್ನು ಬಿಟ್ಟು ಬೇರೆಲ್ಲ ಹೇಳುತ್ತಿದ್ದ: ಗಾಳಿ ಯಾವ ಕಡೆ, ಟೆಸ್ಕೆ ಹುಟ್ಟಿದ ಊರು ಯಾವುದು, ಅವನ ತಾಯಿ ಎಲ್ಲಿ ಕೂತಿದ್ದಾಳೆ. ಅಕ್ಕನ ಬೆರಳು ಎಳೆ ಕೀಳುತ್ತಲೇ ಇತ್ತು. ನಾರ್ಬ್ ಆ ತುದಿಯಲ್ಲಿ, ಇವಳು ಈ ತುದಿಯಲ್ಲಿ.

ನನಗೆ ತಡೆಯಲಾಗಲಿಲ್ಲ. ಬಾಯಿ ತಪ್ಪಿ ಬಂತೆಂದು ನಾನು ಹೇಳುವುದಿಲ್ಲ. ಬೇಕೆಂದೇ ಅಂದೆ, ಗಟ್ಟಿಯಾಗಿ ಅಂದೆ, ಓಣಿಯ ಆಚೆಯವರಿಗೂ ಕೇಳುವಂತೆ ಅಂದೆ.

"ಏನ್ರಯ್ಯ, ಟೆಸ್ಕೆ ಮೇಲೆ ಇನ್ನೂ ಒಂದು ಹಿಟ್ ಕೂಡ ಆಗಿಲ್ವಾ! ಒಂದೂ ಇಲ್ಲ! ಎಂಟನೇ ಇನ್ನಿಂಗ್ಸಲ್ಲೂ!"

ನಾರ್ಬ್‌ನ ಮುಖ ಬಿಳುಚಿತು. ಆಗಲೇ ರೇಡಿಯೋದಲ್ಲಿ ಬ್ಯಾಟಿನ ಸದ್ದಾಯಿತು. ದೊಡ್ಡ ಹೊಡೆತವೇನಲ್ಲ, ಬ್ಯಾಟಿನ ಬುಡಕ್ಕೆ ತಗುಲಿದ ಒಂದು ಸೋಮಾರಿ ಚೆಂಡು. ಎರಡನೇ ಬೇಸಿನ ಹಿಂದೆ, ಓಡಿಬಂದ ಮೂವರ ನಡುವೆ, ಯಾರ ಕೈಗೂ ಸಿಗದೆ ಹುಲ್ಲಿನ ಮೇಲೆ ಬಿತ್ತು. ಹಿಟ್. ಇಡೀ ಮೈದಾನ ನರಳಿತು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಆದರೆ ಮುರಿದ ಕೊಂಬೆಯ ಕೆಳಗೆ ನಿಂತವನಿಗೆ ಹಾಗೆಂದು ಹೇಳಿ ಉಪಯೋಗವಿಲ್ಲ.

ನಾರ್ಬ್ ಎದ್ದ. ಮಡಚುವ ಕುರ್ಚಿ ಹಿಂದಕ್ಕೆ ಬಿತ್ತು. "ನಿನ್ನ ನಾಲಿಗೆ! ನಿನ್ನ ಹಾಳು ನಾಲಿಗೆ! ಗೊತ್ತಿದ್ದೂ ಅಂದೆ, ಅಲ್ವಾ?"

"ಹೌದು, ಗೊತ್ತಿದ್ದೇ ಅಂದೆ. ಅವನು ಎಸೆದ, ಇವನು ಹೊಡೆದ. ನನ್ನ ಬಾಯಿ ಏನು ಮೈದಾನದ ತನಕ ಹೋಗಿತ್ತಾ?"

"ಬಾಯಲ್ಲಿ ಆಡ್ಬಾರ್ದು ಅಂದ್ರೆ ಆಡ್ಬಾರ್ದು! ಆಡಿದ್ರೆ ಹೀಗೇ ಆಗೋದು! ನಾನು ಎಷ್ಟು ದಿನದಿಂದ ಹಲ್ಲು ಕಚ್ಕೊಂಡಿದ್ದೀನಿ ಗೊತ್ತಾ ನಿಂಗೆ? ಅದೇ ಅಂಗಿ, ಅದೇ ಊಟ, ಅದೇ ಸೋಫಾ. ಡಾಕ್ಟ್ರು 'ಏನೂ ಇಲ್ದೇನೂ ಇರ್ಬೋದು' ಅಂದ್ರಲ್ಲ, ಅವತ್ತು ಹಾಕ್ಕೊಂಡಿದ್ದ ಅಂಗಿ ಇದು! ಅವತ್ತಿಂದ ಒಂದು ಮಾತು ಎತ್ತಿಲ್ಲ, ಅವಳ ಹತ್ರ ಸುಳಿದಿಲ್ಲ. ಎಲ್ಲಿ ಕೆಟ್ಟುಹೋಗುತ್ತೋ ಅಂತ, ಎಲ್ಲಿ ಅವಳಿಗೆ..."

ಅಲ್ಲಿಗೆ ನಿಂತ. ಹೇಳಬಾರದ್ದನ್ನು ಅರ್ಧ ಹೇಳಿಬಿಟ್ಟಿದ್ದ.

ಎಂಥ ಪೆದ್ದ! ಎಷ್ಟೋ ದಿನದಿಂದ ನಾನು ಅವನನ್ನು ಕಲ್ಲೆದೆಯವನು ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವನು ನಮ್ಮಕ್ಕನನ್ನು ಆ ಬೆಂಚಿನ ತುದಿಯಲ್ಲಿ ಕೂರಿಸಿದ್ದ. ತನ್ನ ಆಟದ ಅತಿ ದೊಡ್ಡ ಮರ್ಯಾದೆಯನ್ನು ಅವಳಿಗೆ ಕೊಟ್ಟಿದ್ದ. ಈ ಊರಿನ ಈ ಆಟದವರನ್ನು ಬಿಟ್ಟರೆ ಇಂಥ ತಪ್ಪು ಇನ್ಯಾರಿಂದಲೂ ಆಗುವುದಿಲ್ಲ. ನನಗೆ ನಗಬೇಕೋ ಅವನ ತಲೆಗೊಂದು ಬಿಡಬೇಕೋ ತಿಳಿಯಲಿಲ್ಲ.

ರೇಡಿಯೋ ಮಾತಾಡುತ್ತಲೇ ಇತ್ತು. ತಂಡದ ಮ್ಯಾನೇಜರ್ ಮೈದಾನಕ್ಕೆ ನಡೆದು ಬಂದು ಟೆಸ್ಕೆಯ ಕೈಯಿಂದ ಚೆಂಡು ತೆಗೆದುಕೊಂಡ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟೆಸ್ಕೆ ಬೆಂಚಿಗೆ ಹೋದ. ಈಗ ನೋಡಿ, ಎಂದ ವಿವರಣೆಯವನು, ಒಬ್ಬೊಬ್ಬರೇ ಎದ್ದು ಬಂದು ಅವನ ಪಕ್ಕ ಕೂರುತ್ತಿದ್ದಾರೆ, ಹೆಗಲ ಮೇಲೆ ಕೈ ಹಾಕುತ್ತಿದ್ದಾರೆ.

ಅಕ್ಕ ಕೈಯಲ್ಲಿದ್ದ ಎಳೆಯನ್ನು ಕೆಳಗೆ ಬಿಟ್ಟಳು.

"ಹಿಟ್ ಆದ್ಮೇಲೆ ಅವನ ಪಕ್ಕ ಕೂರ್ತಾರೆ, ಅಲ್ವಾ ನಾರ್ಬ್?" ಎಂದಳು. ಅವಳು ದನಿ ಏರಿಸುವ ಹೆಂಗಸೇ ಅಲ್ಲ. "ನನ್ನ ಪಕ್ಕ ಕೂರೋಕೂ ಹಿಟ್ ಆಗ್ಲಿ ಅಂತ ಕಾಯ್ತಿದ್ದೀಯಾ?"

ಅವನು ನಿಂತಲ್ಲೇ ನಿಂತ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

"ನಿಂಗೆ ನನ್ನ ಕಂಡ್ರೆ ಅಸಹ್ಯ ಆಗ್ತಿದೆ ಅಂದ್ಕೊಂಡಿದ್ದೆ," ಅಕ್ಕ ಹೇಳಿದಳು. "ಸೋಮವಾರಕ್ಕೆ ಮಾರ್ಡೆಲ್‌ನ ಕರೆದಿದ್ದೀನಿ."

"ಮಾರ್ಡೆಲ್‌ನಾ?" ಅವನು ನನ್ನತ್ತ ನೋಡಿದ. ಇಷ್ಟು ವರ್ಷದಲ್ಲಿ ನನ್ನನ್ನು ನಾನಾ ಬಗೆಯಲ್ಲಿ ನೋಡಿದ್ದಾನೆ, ಹೀಗೆ ನೋಡಿರಲಿಲ್ಲ. ತನ್ನ ಜಾಗದಲ್ಲಿ ಇನ್ನೊಬ್ಬರನ್ನು ಆಡಿಸುತ್ತಾರೆಂದು ತಿಳಿದ ಆಟಗಾರನ ಮುಖ ಅದು. "ನಾನು ಕಾರು ತೊಳೆದಿಟ್ಟಿದ್ದೀನಲ್ಲ, ಲೊರೇನ್. ಎರಡು ಸಲ."

"ಕಾರು ತೊಳೆದ್ರೆ ನೀನು ಬರ್ತೀಯಾ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಒಳಗೆ ಟಿವಿಯಲ್ಲಿ ಶಿಳ್ಳೆ ಕೇಳಿಸಿತು. ಅಡುಗೆಮನೆಯ ಬಾಗಿಲಾಚೆ ಪರದೆ ಅರ್ಧ ಕಾಣುತ್ತಿತ್ತು. ಪುರ್ನೆಲ್ ಗೆರೆಯ ಮೇಲೆ ನಿಂತಿದ್ದ, ಫ್ರೀ ಥ್ರೋ. ಎಸೆದ. ಚೆಂಡು ಬುಟ್ಟಿಯ ಅಂಚಿಗೆ ಬಡಿದು ಆಚೆ ಹೋಯಿತು. ನಾಲ್ವರೂ ಅವನ ಹತ್ತಿರ ಬಂದರು, ಒಬ್ಬೊಬ್ಬರೂ ಕೈ ಚಾಚಿ ಅವನ ಕೈ ತಟ್ಟಿ ಹೋದರು. ಅವನಿಗೆ ಇನ್ನೊಂದು ಎಸೆಯುವುದು ಬಾಕಿಯಿತ್ತು.

"ಶಹಬ್ಬಾಸ್‌ಗಿರಿ ಅಲ್ಲ ಅಂದ್ನಲ್ಲ, ಮತ್ತೇನು ಅಂತ ಕೇಳ್ದೆಯಲ್ಲ," ಎಂದೆ. "ಚೆಂಡು ಬುಟ್ಟೀಗೆ ಬಿದ್ರೂ ಇಲ್ಲೇ ಇದ್ದೀವಿ, ಬೀಳದಿದ್ರೂ ಇಲ್ಲೇ ಇದ್ದೀವಿ ಅಂತ ಹೇಳೋದು ಅದು. ಬಿದ್ದಾಗ್ಲೂ ತಟ್ತಾರೆ, ತಪ್ಪಿದಾಗ್ಲೂ ತಟ್ತಾರೆ. ಎರಡೂ ಒಂದೇ ಥರ. ನೋಡ್ಕೋ."

ಅವನು ನೋಡಿದನೋ ಇಲ್ಲವೋ ನನಗೆ ತಿಳಿಯದು. ಬಿದ್ದ ಕುರ್ಚಿಯನ್ನು ಎತ್ತಿಕೊಂಡ. ಅಲ್ಲೇ ಹಾಕಲಿಲ್ಲ. ಜಗುಲಿಯುದ್ದಕ್ಕೂ ಎಳೆದುಕೊಂಡು ಬಂದು, ರೇಡಿಯೋ ದಾಟಿ, ಅಕ್ಕನ ಬೆತ್ತದ ಕುರ್ಚಿಗೆ ತಾಗುವಂತೆ ಹಾಕಿ ಕೂತ. ಹಿಮ ತಳ್ಳುವ ಲಾರಿ ಓಡಿಸಿದ ಆ ದೊಡ್ಡ ಅಂಗೈಯನ್ನು ಅವಳ ಮುಂದೆ ಚಾಚಿದ.

"ನಂಗೆ ಹೆದರಿಕೆ ಆಗ್ತಿದೆ, ಲೊರೇನ್."

"ನಂಗೂ," ಎಂದಳು ಅಕ್ಕ. "ಇಷ್ಟು ಹೇಳೋಕೆ ಎಂಟು ಇನ್ನಿಂಗ್ಸ್ ಬೇಕಾಯ್ತಾ ನಿಂಗೆ?"

ಅವಳು ಅವನ ಅಂಗೈಗೆ ಪಟ್ಟನೆ ಒಂದು ತಟ್ಟಿದಳು. ಆಮೇಲೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಸೋಮವಾರ ಎಷ್ಟು ಗಂಟೆಗೆ?" ಅವನು ಕೇಳಿದ.

"ಹತ್ತಕ್ಕೆ. ಆದ್ರೆ ಈ ಅಂಗಿ ಹಾಕ್ಕೊಂಡು ನನ್ನ ಪಕ್ಕ ಬರ್ಬೇಡ. ಆ ಡಾಕ್ಟ್ರು ಮೊದ್ಲು ನಿನ್ನನ್ನೇ ಒಳಗೆ ಮಲಗಿಸ್ತಾರೆ."

ನಾರ್ಬ್ ತಲೆ ಬಗ್ಗಿಸಿ ಅಂಗಿಯನ್ನು ನೋಡಿಕೊಂಡ. ಆ ಅಂಗಿಯ ಮೇಲೆ ಅವನಿಗೆ ಇನ್ನೂ ನಂಬಿಕೆಯಿತ್ತು, ಅದು ನನಗೂ ಕಂಡಿತು. ಆಮೇಲೆ ಎಡಗೈ ಒಂದರಿಂದಲೇ ಗುಂಡಿಗಳನ್ನು ಬಿಚ್ಚತೊಡಗಿದ, ಬಲಗೈ ಅವಳ ಕೈಯಲ್ಲೇ ಇತ್ತು. ಕೊನೆಯ ತೋಳಿನಲ್ಲಿ ಸಿಕ್ಕಿಕೊಂಡಾಗ ಮಾತ್ರ ಅವಳು ಅರೆಗಳಿಗೆ ಕೈ ಬಿಟ್ಟಳು. ಅಂಗಿಯನ್ನು ಉಂಡೆ ಮಾಡಿ ನನ್ನತ್ತ ಎಸೆದ.

"ಒಗೆಯೋ ಯಂತ್ರಕ್ಕೆ ಹಾಕು. ಬಿಸಿ ನೀರಲ್ಲಿ," ಎಂದ. ಆ ಚಳಿಗಾಳಿಯಲ್ಲಿ ಬರಿಮೈಯಲ್ಲಿ, ಬಿಳಿ ಕೂದಲ ಎದೆ, ಬಿಯರ್ ಕುಡಿದು ಬೆಳೆಸಿದ ಹೊಟ್ಟೆ ಬಿಟ್ಟುಕೊಂಡು ಕೂತಿದ್ದ. ಅಕ್ಕ ಹೊದಿಕೆಯ ಒಂದು ತುದಿಯನ್ನು ಅವನ ಹೆಗಲ ಮೇಲೆ ಎಳೆದಳು.

ನಾನು ಅಂಗಿ ತೆಗೆದುಕೊಂಡು ನೆಲಮಾಳಿಗೆಗೆ ಇಳಿದೆ. ವಾಸನೆ ಹೊಡೆಯುತ್ತಿತ್ತು. ಯಂತ್ರಕ್ಕೆ ತುರುಕಿ ಬಾಗಿಲು ಹಾಕಿ, ಗುಂಡಿಯ ಮೇಲೆ ಹೆಬ್ಬೆರಳಿಟ್ಟು ಒಂದು ಕ್ಷಣ ನಿಂತೆ. ಈ ಅಂಗಿ ನಿಜವಾಗಿಯೂ ಅವಳನ್ನು ಕಾಯುತ್ತಿದ್ದರೆ? ನಾನೂ ಆ ಅಪ್ಪನ ಮಗಳೇ ಅಲ್ಲವೇ.

ಮೇಲಿಂದ ನಾರ್ಬ್‌ನ ದನಿ ಕೇಳಿಸಿತು. "ಆ ಸೂಜಿ ಹಾಕ್ದಾಗ ತುಂಬಾ ನೋವಾಯ್ತಾ?" ಎಂದು ಕೇಳುತ್ತಿದ್ದ. ಅಕ್ಕ ಹೇಳತೊಡಗಿದಳು, ಮೊದಲಿನಿಂದ, ಎಲ್ಲವನ್ನೂ.

ನಾನು ಗುಂಡಿ ಒತ್ತಿದೆ.